ಲೆಕ್ಕದ ಪುಸ್ತಕ, ಹಿಂದಿನಿಂದ

ಮುಂದಿನಿಂದ ತೆರೆದರೆ ಐಸಿನ ಲೆಕ್ಕ:
ಮೀನಂಗಡಿಗೆ ಆರು ಮೂಟೆ, ನೂಡಲ್ ಅಜ್ಜಿಗೆ ಅರ್ಧ,
ಶಾಲೆಯ ಕ್ಯಾಂಟೀನು ಕೊಡಬೇಕಾದ ಮುನ್ನೂರ ಇಪ್ಪತ್ತು ಬಾಟ್.
ಹಿಂದಿನಿಂದ ತೆರೆದರೆ
ಅದೇ ಪಿಕಪ್ಪಿನ ಇನ್ನೊಂದು ಹೊಟ್ಟೆಯ ಲೆಕ್ಕ.
ಎರಡೂ ನನ್ನ ಕೈಬರಹವೇ.

ತೊಂಗ್‌ಬೈ ಮೊದಲ ದಿನ ಹೇಳಿದ್ದ:
ನಲವತ್ತು ಸಾವಿರ, ರಂಪೈ, ಮೇಲೆ ಒಂದು ಬಾಟೂ ಇಲ್ಲ.
ಆ ಅಂಕೆಯ ಕೆಳಗೆ ಎರಡು ಗೆರೆ ಎಳೆದೆ,
ಒಂದು ನಂಬಿಕೆಗೆ, ಒಂದು ಅಪನಂಬಿಕೆಗೆ.

ಟರ್ಬೊ, ಗುಜರಿಯ ಆರು ಚಕ್ರದ ಲಾರಿಯದು, ಮೂರೂವರೆ ಸಾವಿರ.
ಹೆಂಗ್ ಮಾವ ಅದರ ಅಚ್ಚನ್ನು ಎರಡು ಬೆರಳಲ್ಲಿ ಹಿಡಿದು
ಮೆಲ್ಲಗೆ ಅಲ್ಲಾಡಿಸಿ ಕಣ್ಣು ಮುಚ್ಚಿದ,
ನಾಡಿ ನೋಡುವ ಪಂಡಿತನ ಹಾಗೆ.
"ಸತ್ತಿಲ್ಲ," ಅಂದ. "ಬೇಜಾರಾಗಿದೆ ಅಷ್ಟೆ."
ಇಂಜೆಕ್ಟರುಗಳ ಬಾಯಿ ಅಗಲಿಸಲು, ನಾಲ್ಕಕ್ಕೆ ನಾಲ್ಕು ಸಾವಿರ.
ಕ್ಲಚ್ಚಿಗೆ ಒಂಬತ್ತು. ಅಲ್ಲೊಂದು ಚೌಕಾಸಿ ಬೇಡ, ಅಂದ,
ಮಿಕ್ಕಲ್ಲಿ ಎಷ್ಟು ಬೇಕಾದರೂ ಬಡವರಾಗಿ.
ಇಂಟರ್‌ಕೂಲರ್ ನಿಲ್ಲಿಸುವ ಪಟ್ಟಿ ಕತ್ತರಿಸಿದ್ದು
ನಮ್ಮ ಕಬ್ಬಿಣದ ಮಂಚದಿಂದ.
ಅವತ್ತಿನಿಂದ ನೆಲದ ಮೇಲೆ ಮಲಗುತ್ತಿದ್ದೇವೆ.
ಅದನ್ನು ಯಾವ ಕಡೆ ಬರೆಯಲಿ?

ದುಡ್ಡು ಮುಗಿದ ಮೇಲೆ ಬಿಚ್ಚುವುದು ಶುರುವಾಯಿತು.
ಕೊಳ್ಳಲಾಗದವರಿಗೆ ಕಳೆಯಲು ಬರುತ್ತದಲ್ಲ.
ಏಸಿ ಹೋಯಿತು. ರೇಡಿಯೋ ಹೋಯಿತು.
ಬಾಗಿಲೊಳಗಿನ ತಗಡು, ಹಿಂದಿನ ಬಂಪರ್,
ಕನ್ನಡಿಗಳು, ಕಾಲಡಿಯ ರಬ್ಬರು ಹೋಯಿತು.
ಗಾಡಿಯ ತಾಯಿಗೆಂದು ಅತ್ತೆ ಕಟ್ಟಿದ ಹೂಮಾಲೆಗೆ
ಯಾರೂ ಕೈ ಹಾಕಲಿಲ್ಲ,
ದೇವತೆಗೆ ತೂಕವಿಲ್ಲ ಎಂದು ಒಪ್ಪಿಕೊಂಡೆವು.
ಕೊನೆಗೆ ನನ್ನ ಸೀಟು. ನಾಲ್ಕು ಬೋಲ್ಟು, ಹದಿನಾರು ಕಿಲೋ.
ಹನ್ನೊಂದು ವರ್ಷ, ಬೆಳಗಿನ ಜಾವ ನಾಲ್ಕಕ್ಕೆ
ನಾನು ತೂಕಡಿಸಿದ ಸೀಟು
ತೂಕಕ್ಕೆ ಹೋಯಿತು.

ಇನ್ನೂ ಏನು?
ಹೆಂಗ್ ಮಾವ ಅಕ್ಕಿ ಅಂಗಡಿಯ ಕಾಟಾ ಎಳೆದು ತಂದ.
ತೊಂಗ್‌ಬೈ ಹತ್ತಿದ. ಎಂಬತ್ತಾರು.
ಯಾರೂ ತುಟಿ ಬಿಚ್ಚಲಿಲ್ಲ.
ಮಾವ ಸಿಗರೇಟಿನ ಬೂದಿ ಕೊಡವಿ
ನನ್ನ ಕಡೆ ನೋಡಿದ, ಗುಜರಿಯಲ್ಲಿ ಟರ್ಬೊ ನೋಡಿದ ಹಾಗೆಯೇ.
ಚಪ್ಪಲಿ ಬಿಟ್ಟು ಹತ್ತಿದೆ. ನಲವತ್ತೇಳು.
"ಮೂವತ್ತೊಂಬತ್ತು ಕಿಲೋ," ಅಂದ ಮಾವ,
"ಬಿಟ್ಟಿ."

ಓಡಿಸಲು ಯಾರೂ ಕಲಿಸಬೇಕಿರಲಿಲ್ಲ.
ಮಧ್ಯಾಹ್ನದ ಸುತ್ತು ನನ್ನದೇ,
ಏಪ್ರಿಲ್ಲಿನ ಸೂರ್ಯನ ಜೊತೆ ದಿನಾ ಪಂದ್ಯ ಕಟ್ಟಿದವಳು,
ಮೂಟೆ ನೀರಾಗುವ ಮುನ್ನ ತಲುಪಿಸಿದವಳು.
ನಲವತ್ತು ಸಾವಿರದ ಗೆರೆ ದಾಟಿದ್ದೂ ನಾನೇ:
ಸಾವಿರದ ನೂರೈವತ್ತು, ಹೆಲ್ಮೆಟ್ಟು, ಸಣ್ಣ ತಲೆಯದು.

ನಖೋನ್ ಸವಾನ್ ದಾಟಿ, ಕಬ್ಬಿನ ಹೊಲಗಳ ನಡುವೆ
ವಿಮಾನ ಮರೆತ ಒಂದು ಹಳೇ ರನ್‌ವೇ.
ಪಕ್ಕದ ಗಾಡಿ ಮದುಮಗನ ಹಾಗೆ ಹೊಳೆಯುತ್ತಿತ್ತು,
ಅದರ ಒಂದೊಂದು ಟೈರಿಗೂ ನಮ್ಮ ಮನೆಯ ಬಾಡಿಗೆ.
ನಮ್ಮ ಹತ್ತಿರ ಇದ್ದ ಸಿರಿ ಒಂದೇ.
ಇಂಟರ್‌ಕೂಲರಿನ ಮೇಲೆ
ಎರಡು ಮೂಟೆ ಐಸು ಸುರಿದು ತೊಂಗ್‌ಬೈ
ಕೈಯಿಂದ ಒತ್ತಿ ಒತ್ತಿ ಕೂರಿಸಿದ,
ಜ್ವರದ ಹಣೆಗೆ ಪಟ್ಟಿ ಹಾಕುವ ಹಾಗೆ.

ಹಳದಿ. ಹಳದಿ. ಹಸಿರು.

ಎದೆ ಬೆನ್ನಿಗೆ ಅಂಟಿತು.
ಎರಡನೇ ಗೇರಿಗೆ ಟರ್ಬೊದ ಬೇಜಾರು ಹೋಯಿತು.
ಹಿಂದೆ ಎಷ್ಟು ಕಪ್ಪು ಹೊಗೆ ಎದ್ದಿತೋ ಕಾಣೆ,
ಕನ್ನಡಿ ಬಿಚ್ಚಿದ್ದೆವಲ್ಲ.
ಹೂಮಾಲೆ ಮಾತ್ರ ನನ್ನ ಕಡೆಗೆ ಹಾರಿ
ಮಲ್ಲಿಗೆಯೊಂದು ಬಾಯಿಗೆ ಬಂತು.
ನಾನೂರು ಮೀಟರು, ಹನ್ನೆರಡು ಸೆಕೆಂಡಿನ ಮೇಲೆ ಮೂರು ಚೂರು.
ಅರ್ಧ ಗಾಡಿಯುದ್ದ ಸೋತೆ.
ಹೊಳೆಯುವ ಗಾಡಿಯ ಹುಡುಗ ಇಳಿದು ಬಂದು
ನಮ್ಮ ಬಾನೆಟ್ಟು ತೆಗೆಸಿದ, ಬಹಳ ಹೊತ್ತು ನೋಡಿದ,
"ಇದು ಮಂಚದ ಕಾಲಲ್ಲವೇ?" ಅಂದ.

ಮರುದಿನ ನಾಲ್ಕಕ್ಕೆ ಐಸ್ ಫ್ಯಾಕ್ಟರಿಯ ಬಾಗಿಲು.
ಸೀಟಿನ ಬೋಲ್ಟುಗಳು ಮಾವನ ಯಾವ ಡಬ್ಬದಲ್ಲಿವೆಯೋ.
ನಾನು ಓಡಿಸುತ್ತಿದ್ದೆ. ಪಕ್ಕದಲ್ಲಿ
ಬೋರಲು ಹಾಕಿದ ಬಕೆಟ್ಟಿನ ಮೇಲೆ ಎಂಬತ್ತಾರು ಕಿಲೋ
ತೂಕಡಿಸುತ್ತಿತ್ತು.

ಸಂಜೆ ಪುಸ್ತಕ ತೆರೆದೆ, ಮುಂದಿನಿಂದ.
ಐಸು, ಎರಡು ಮೂಟೆ, ಶನಿವಾರ ರಾತ್ರಿ.
ಗಿರಾಕಿಯ ಹೆಸರಿನ ಜಾಗದಲ್ಲಿ
ರಂಪೈ ಎಂದು ಬರೆದೆ.
ಬಾಕಿ.