ಕತ್ತಿನ ಲೆಕ್ಕ

ಮುಬೀನಾಗೆ ಕರೆಂಟು ಒಗ್ಗಿತು.
ಶಿಡ್ಲಘಟ್ಟದ ಸರ್ಕಾರಿ ಆಸ್ಪತ್ರೆ, ಮೂಲೆ ಕೋಣೆ,
ಹಿಂಗತ್ತಿಗೆ ನಾಲ್ಕು ಅಂಟುಪಟ್ಟಿ, ನಾಲ್ಕು ವೈರು,
ಸೋಪಿನ ಡಬ್ಬಿಯಷ್ಟು ಮಿಷೀನು.
‘ಇರುವೆ ಸಾಲು ಹತ್ತಿದ ಹಾಗೆ ಯರ್ರಮ್ಮಕ್ಕ,
ಕಚ್ಚಲ್ಲ, ಸುಮ್ನೆ ಓಡಾಡ್ತವೆ.
ಅವುಗಳ ಗದ್ದಲದಲ್ಲಿ ನೋವಿನ ಕೂಗು
ತಲೆವರೆಗೂ ಕೇಳಿಸಲ್ವಂತೆ. ಆಯಮ್ಮ ಹಂಗಂದ್ಲು.’

ನನಗೆ ಒಗ್ಗಿದ್ದು ಮುರಿಯುವವನು.
ದಿಬ್ಬೂರಹಳ್ಳಿ ರಸ್ತೆ, ಮೊಬೈಲ್ ಅಂಗಡಿ ಮೇಲೆ,
ಭಾನುವಾರ ಮಾತ್ರ. ಬೋರ್ಡಿನ ತುಂಬ
ನಾಲಿಗೆ ಹೊರಳದ ಹೆಸರು: ಕೈರೋಪ್ರಾಕ್ಟಿಕ್.
ಎಲುಬಿನ ಚಿತ್ರ ತೋರಿಸಿದ, ಸಹಿ ಹಾಕಿಸಿಕೊಂಡ,
ಎಡಕ್ಕೆ ನೋಡಿ ಅಂದ, ಉಸಿರು ಬಿಡಿ ಅಂದ,
ಲಟಕ್.
ದೃಷ್ಟಿ ತೆಗೆದು ಅವ್ವ ಲಟಿಕೆ ಮುರಿಯುತ್ತಿದ್ದ ಸದ್ದು,
ಈ ಸಲ ನನ್ನೊಳಗೇ.

ಬೇಸಿನ್ನಿನ ಆಚೆ ಅವಳು, ಈಚೆ ನಾನು.
ನಡುವೆ ಕುದಿಯುವ ಗೂಡು, ಬೆಂದ ಹುಳದ ವಾಸನೆ.
ಎಂಟೆಂಟು ಎಳೆ ಹುಡುಕಿ ಒಂದು ನೂಲಿಗೆ ಕೊಡುತ್ತ
ವಾರವಿಡೀ ಇದೇ ಜಗಳ:
‘ಕತ್ತು ತಿರುಚೋನ ಕೈಗೇ ಕತ್ತು ಕೊಡ್ತೀಯಲ್ಲ, ಧೈರ್ಯ ನಿಂದು!’
‘ಕರೆಂಟು ಹೋದ್ರೆ ನಿನ್ನ ಇರುವೆ ಎಲ್ಲಿಗೋಗ್ತವೆ?’
ಅವಳದು ಹತ್ತು ರೂಪಾಯಿ ಚೀಟಿ, ನನ್ನದು ಐನೂರು.
ಅವಳ ನೋವು ಸಂಜೆಗೇ ವಾಪಸ್ಸು, ನನ್ನದು ಬುಧವಾರಕ್ಕೆ.
ರೂಪಾಯಿಗೆಷ್ಟು ಗಂಟೆ ಎಂದು ಭಾಗಿಸಲು ಹೋಗಿ
ಇಬ್ಬರಿಗೂ ಎಳೆ ತಪ್ಪಿತು.
ಸಾಹುಕಾರ ಬೈದ.

ನಿನ್ನೆ ಬಾಯ್ಲರ್ ಕೆಟ್ಟು ನಿಂತಾಗ
ಅವಳೇ ಅಂದಳು, ನನ್ನ ಕಡೆ ನೋಡದೆ:
‘ಇಪ್ಪತ್ತು ನಿಮಿಷ ಅಕ್ಕ. ಮಲಗಿರ್ತೀನಿ.
ವೈರು ಹಾಕಿರೋದಕ್ಕೆ ಯಾರೂ ಎಬ್ಬಿಸಲ್ಲ.’

ನಾನು ನನ್ನದು ಹೇಳಲಿಲ್ಲ.
ಮುರಿಯುವ ಮುಂಚೆ ಆ ಹುಡುಗ
ನನ್ನ ತಲೆಯನ್ನು ಎರಡೂ ಅಂಗೈಯಲ್ಲಿ ಹೊತ್ತು
ಒಂದಿಷ್ಟು ಹೊತ್ತು ಸುಮ್ಮನಿರುತ್ತಾನೆ.
‘ಭಾರ ಬಿಡಿ ಅಮ್ಮ, ನಾನು ಹಿಡಿದಿದ್ದೀನಿ.’
ಇಪ್ಪತ್ತೆರಡು ವರ್ಷದಿಂದ ಬಗ್ಗಿದ ತಲೆ,
ಐದು ಕೆಜಿ ತೂಗುತ್ತದಂತೆ.
ಬಿಡುವುದು ಹೇಗೆಂದು ನನಗಿನ್ನೂ ಬಂದಿಲ್ಲ.

ಬಾಯ್ಲರ್ ಮತ್ತೆ ಗುರ್ರೆಂದಿತು.
ಮುಬೀನಾ ತನ್ನ ಮಣೆಯ ಕೆಳಗಿಂದ ಒಂದು ಇಟ್ಟಿಗೆ ಎಳೆದು
ಕಾಲಲ್ಲಿ ಗೋಡೆಗೆ ತಳ್ಳಿದಳು.
ನೋಡಿ, ನಾನೂ ಎಳೆದೆ.
ಕತ್ತು ಅಷ್ಟು ಬಗ್ಗಬೇಕಿಲ್ಲ ಈಗ;
ಹಬೆ ಮಾತ್ರ ನೇರ ಮುಖಕ್ಕೆ.
ಒಂದು ವಾರ ನೋಡೋಣ ಅಂದಳು.
ಕಣ್ಣೊರೆಸಿಕೊಳ್ಳುತ್ತ ಎಳೆ ಹುಡುಕಿದೆವು.