ಬಣ್ಣ ಬಿಟ್ಟ ಗಿಡ

ನಮ್ಮೂರ ಹೆಸರೇ ತಳಿ.
ಹೊಸೂರು ದಾಟಿ ನರ್ಸರಿಗೆ ಬರುವ ಕಾರಿನವರು
ತಳಿಯಲ್ಲಿ ತಳಿ ಹುಡುಕಲು ಬಂದೆವು ಎಂದು ನಗುತ್ತಾರೆ.
ನಾನೂ ನಗುತ್ತೇನೆ, ದಿನಕ್ಕೆರಡು ಸಲವಾದರೂ.

ಮೂರನೇ ಶೆಡ್ಡಿನಲ್ಲಿ ಸೇಜ್ ಗಿಡ.
ನಡುವೆ ಬೂದಿ ಬೆರೆತ ಹಸಿರು, ಅಂಚಿಗೆ ಕೆನೆ,
ಚಿಗುರಿನ ತುದಿಗೆ
ನೇರಳೆಹಣ್ಣು ತಿಂದ ನಾಲಗೆಯ ಬಣ್ಣ.
ಕುಂಡಕ್ಕೆ ಸಿಕ್ಕಿಸಿದ ಚೀಟಿ: ಅಲಂಕಾರಕ್ಕೆ ಮಾತ್ರ.

ಬಣ್ಣ ಬಿಟ್ಟದ್ದನ್ನು ಹಿಡಿಯುವುದು ನನ್ನ ಕೆಲಸ.
ಯಾವುದೋ ಒಂದು ಕೊಂಬೆ ಒಂದು ಬೆಳಗ್ಗೆ
ಸಾಕಪ್ಪಾ ಈ ಸಿಂಗಾರ ಎಂದುಕೊಂಡು
ಪೂರ್ತಿ ಹಸಿರಾಗಿ ಎದ್ದುಬಿಡುತ್ತದೆ.
ಅದಕ್ಕೆ ಬಲ ಜಾಸ್ತಿ.
ಬಿಟ್ಟರೆ ಗಿಡವನ್ನೇ ನುಂಗುತ್ತೆ, ಬುಡಕ್ಕೇ ಕತ್ತರಿ ಇಡು,
ಎಂದು ಸೂಪರ್‌ವೈಸರ್ ಸೆಂದಿಲ್
ಮೊದಲ ದಿನವೇ ಹೇಳಿಕೊಟ್ಟಿದ್ದ, ಅರ್ಧ ತಮಿಳಲ್ಲಿ.

ಕಸದ ಬುಟ್ಟಿಯಿಂದ ಮೂರು ಕಡ್ಡಿ ಸೆರಗಿಗೆ ಸುತ್ತಿ ತಂದೆ.
ಕದ್ದೆ ಅನ್ನಿ.
ಕಸ ಕದಿಯುವುದಕ್ಕೂ ಆಗುತ್ತದೆಯೋ ಏನೋ.

ತೂತು ಹೊಡೆದ ಎಣ್ಣೆ ಡಬ್ಬ,
ಅರ್ಧ ಕೆಮ್ಮಣ್ಣು, ಅರ್ಧ ಮರಳು,
ತಳಕ್ಕೆ ಒಡೆದ ಹೆಂಚಿನ ಚೂರು.
ಕಷ್ಟವಾದದ್ದು ನನ್ನ ಕೈ ಕಟ್ಟಿಹಾಕುವುದು.
ಪಾಪ ಬಾಡಿದೆ ಎಂದು ಬಂದಾಗಲೆಲ್ಲ ಒಂದು ಚೊಂಬು ಸುರಿದು
ಎರಡು ಕಡ್ಡಿಯನ್ನು ಪ್ರೀತಿಯಿಂದಲೇ ಕೊಳೆಸಿದೆ.
ಮೂರನೆಯದನ್ನು ಮರೆತೆ,
ನಾದಿನಿಯ ಹೆರಿಗೆಯ ಓಡಾಟದಲ್ಲಿ.
ಅದು ಬದುಕಿತು.

ಪಕ್ಕದ ಮನೆ ಅಂತೋಣಿಯಮ್ಮ
ಗೋಡೆಯಾಚೆಯಿಂದಲೇ ಒಂದು ಎಲೆ ಕಿತ್ತು
ಅಂಗೈಯಲ್ಲಿ ಉಜ್ಜಿ, ಮೂಗಿಗಿಟ್ಟು
ಸುಮ್ಮನೆ ನಿಂತುಬಿಟ್ಟಳು.
ದೊಡ್ಡಪತ್ರೆಗೆ ಕರ್ಪೂರ ಸೋಕಿದಂಥ ವಾಸನೆ
ನನಗೂ ಬಂತು.

"ಅಯ್ಯೋ ಇದು ಅಡಿಗೆಮನೆ ಸೊಪ್ಪು ಕಣೇ!
ಕಾನ್ವೆಂಟಲ್ಲಿ ಮುದುಕಿ ಮದರು
ಬೆಣ್ಣೇಲಿ ಗರಿಗರಿ ಕರೆದು ಆಲೂಗಡ್ಡೆ ಮೇಲೆ ಹಾಕ್ತಿದ್ರು.
ಗಂಟಲು ಕಟ್ಟಿದ್ರೆ ಇದೇ ಕಷಾಯ,
ನಮ್ಮ ಬಾಯಿ ಕಟ್ಟಬೇಕಾದ್ರೂ ಇದೇ ಕಷಾಯ."

ಚೀಟಿಯಲ್ಲಿ ಅಲಂಕಾರ ಅಂತಿದೆಯಲ್ಲ, ಎಂದೆ.
"ಚೀಟಿ ಬರೆದವನಿಗೆ ಹಸಿವಿರಲಿಲ್ಲ" ಎಂದಳು.
ಆದರೆ ಬೆರಳೆತ್ತಿ ಎಚ್ಚರಿಸಿದಳು:
ಕೆಂಪು ಹೂವಿನ ಸಾಲ್ವಿಯಾ ಬೇರೆ, ಬಾಯಿಗೆ ತರಬೇಡ,
ನರ್ಸರಿ ಎಲೆಯನ್ನಂತೂ ಮುಟ್ಟಲೇಬೇಡ.
ಅದಕ್ಕೇನು ಹೊಡೆದಿರುತ್ತಾರೆಂದು ನನಗೆ ಗೊತ್ತು,
ಹೊಡೆದವಳು ನಾನೇ.

ಹಳೆಯ ಎಲೆ ಉದುರಿ
ನನ್ನ ಮಣ್ಣಿನ ಎಲೆ ಬರುವ ತನಕ ಕಾದೆ.
ಮೊದಲ ಸಲ ಒಂದು ಹಿಡಿ ಬಸ್ಸಾರಿಗೆ ಹಾಕಿ
ಇಡೀ ಮನೆ ಮೂಗು ಮುಚ್ಚಿತು.
ಮೈದುನ ವೀರಭದ್ರಿ ತಟ್ಟೆ ಸರಿಸಿ ಕೇಳಿದ:
"ಅತ್ತಿಗೆ, ಯಾರಿಗೆ ಹುಷಾರಿಲ್ಲ?"

ಎರಡನೇ ಸಲ ನಾಲ್ಕೇ ಎಲೆ.
ತುಪ್ಪ ಕಾಯಿಸಿ, ಒಂದೊಂದಾಗಿ ಬಿಟ್ಟು,
ಚಟಪಟ ಅಂದು ಸುಮ್ಮನಾದ ಕ್ಷಣಕ್ಕೆ ತೆಗೆದು
ಅವರೆಕಾಳಿನ ಮೇಲೆ ಪುಡಿ ಮಾಡಿ ಉದುರಿಸಿದೆ.
ಯಾರೂ ಏನೂ ಹೇಳಲಿಲ್ಲ.
ಇನ್ನೊಂದು ಮುದ್ದೆ ಕೇಳಿದರು.

ಈಗ ಡಬ್ಬ ತುಂಬ ಬರೀ ಹಸಿರು,
ನೋಡಲು ಏನೂ ಇಲ್ಲ, ಬಂದವರು ಕಳೆ ಅಂದುಕೊಳ್ಳುತ್ತಾರೆ.
ಹೂಗೊನೆ ಮೂಡಿದರೆ ಚಿವುಟುತ್ತೇನೆ,
ಒಂದನ್ನು ಮಾತ್ರ ಜೇನಿಗೆ ಬಿಡುತ್ತೇನೆ.

ನಿನ್ನೆ ಶೆಡ್ಡಿನಲ್ಲಿ ಮತ್ತೊಂದು ಕೊಂಬೆ
ಸಿಂಗಾರ ಸಾಕೆಂದು ಎದ್ದು ನಿಂತಿತ್ತು.
ಸೆಂದಿಲ್ ನೋಡುತ್ತಿದ್ದ.
ಹೇಳಿದ ಹಾಗೆಯೇ ಬುಡಕ್ಕೇ ಕತ್ತರಿಸಿದೆ,
ಗೆಣ್ಣಿನ ಸ್ವಲ್ಪ ಕೆಳಗೆ, ಓರೆಯಾಗಿ,
ನಾಲ್ಕು ಬೆರಳುದ್ದ,
ಊರಿದರೆ ಬೇರು ಬಿಡುವ ಹಾಗೆ.