ಎಂಟು ಸಾಲು ಹೆಪ್ಪು

ಮುನ್ನೂರ ಹನ್ನೆರಡು ಜನ. ಒಬ್ಬೊಬ್ಬರದು ಮೂರು ಊದು,
ಮೂರರಲ್ಲಿ ದೊಡ್ಡದನ್ನು ನಾನು ಹಾಳೆಗೆ ಹಾಕಬೇಕು.
ಕೆಂಪು ಮುಳ್ಳಿನ ಪ್ಲಾಸ್ಟಿಕ್ ಕೊಳವೆ ಹಿಡಿದು
ಭಟ್ಟಿಯಿಂದ ಭಟ್ಟಿಗೆ ತಿರುಗಿ ನರ್ಸ್ ಗುತ್ಯಮ್ಮ ಬರೆದು ತಂದ ಪುಸ್ತಕ
ಬಿಚ್ಚಿದರೆ ಈಗಲೂ ಹೊಟ್ಟಿನ ಹೊಗೆ ವಾಸನೆ.

ಗ್ರಾಫು ಮೇಲಿದೆ, ಒಂದು ನೀಲಿ ಗೆರೆ:
ಭಟ್ಟಿ ಮುಂದೆ ಎಷ್ಟು ವರ್ಷ, ಎದೆಯಲ್ಲಿ ಎಷ್ಟು ಗಾಳಿ.
ನಲವತ್ತನೇ ಸಾಲಿಗೆ ಇಳಿಯುವಷ್ಟರಲ್ಲಿ
ಅದು ಪರದೆಯ ಸೂರು ಹತ್ತಿ ಮಾಯ.
ಆಮೇಲೆ ಬರೀ ಅಂಕಿ. ೨೬೦. ೩೧೦. ೨೪೫.
ಯಾವುದು ಹೆಚ್ಚು, ಯಾವುದು ಕಮ್ಮಿ, ಯಾರಿಗೆ ಗೊತ್ತು.
ಮೇಲೆ ಹೋದರೆ ಗೆರೆ ಇದೆ, ಜನ ಇಲ್ಲ.
ಕೆಳಗೆ ಬಂದರೆ ಜನ.

ಮೊದಲ ವಾರ ಬಟರ್ ಪೇಪರಿನ ಮೇಲೆ ಗೆರೆ ನಕಲು ಮಾಡಿ
ಮಾನಿಟರಿನ ಅಂಚಿಗೆ ಟೇಪು ಹಚ್ಚಿದ್ದೆ. ಫ್ಯಾನು ತಿರುಗಿದಾಗೆಲ್ಲ
ಪಟಪಟ.
ಔಷಧಿ ಸ್ಟೋರಿನ ಜಬೀನಾ ನೋಡಿ ನಕ್ಕಳು:
"ಮೇಲಿನ ಎಂಟು ಸಾಲು ಹೆಪ್ಪು ಹಾಕ್ರೀ ಅಕ್ಕಾ,
ಗ್ರಾಫು ಅದರೊಳಗೆ ಕೂರಿಸ್ರಿ. ಕೆಳಗಿಂದು ಎಷ್ಟು ಉರುಳಿದ್ರೂ
ಅದು ಅಲ್ಲಾಡಲ್ಲ."
ಫ್ರೀಜ್ ಎಂಬ ಮಾತಿಗೆ ಹೆಪ್ಪು ಎಂದವಳು ಅವಳೇ;
ಮನೆಯಲ್ಲಿ ಎಮ್ಮೆ ಇದೆ.

ಗ್ರಾಫಿನ ಮೂಲೆ ಹಿಡಿದು ಕುಗ್ಗಿಸಿ ಒಳಗೆ ತುರುಕಿದೆ.
ಒಂಬತ್ತನೇ ಸಾಲಿನ ಮೇಲೆ ಕ್ಲಿಕ್ಕು. ಕೂದಲೆಳೆಯಂಥ ಗೀಟು.
ಖಾಜಾಬಿ ಹೋದಳು, ಹಾಲೇಶಿ ಹೋದ, ಇಬ್ಬರು ಚಮನ್‌ಸಾಬರು ಹೋದರು
ಗೀಟಿನ ಕೆಳಗೆ ನುಸುಳಿ,
ಗಿಡ್ಡ ಬಾಗಿಲಲ್ಲಿ ತಲೆ ತಗ್ಗಿಸಿದವರ ಹಾಗೆ.
ಗ್ರಾಫು ಕೂತಲ್ಲೇ ಕೂತಿತು.

ಇನ್ನೂರ ಹದಿನಾಲ್ಕು: ದಾದಾಪೀರ್. ಬಾಷಾ ನಗರ, ಮೂರನೇ ಕ್ರಾಸು.
ಕಾದ ಮರಳಲ್ಲಿ ಅಕ್ಕಿ ಹುರಿದದ್ದು ಇಪ್ಪತ್ತಾರು ವರ್ಷ.
ಊದಿದ್ದು ನೂರ ಅರವತ್ತು.
ಎಂಟರ್ ಒತ್ತಿದೆ.
ಅಲ್ಲಾಡಲ್ಲ ಎಂದಿದ್ದ ಗೆರೆ
ಬಲತುದಿಯಲ್ಲಿ ಇಷ್ಟೇ ಇಷ್ಟು ಕುಸಿಯಿತು,
ಪಾಳಿ ಮುಗಿಸಿ ಕೂತವರ ಭುಜದ ಹಾಗೆ.
ಅಳಿಸಿದೆ. ಏರಿತು. ಮತ್ತೆ ಹಾಕಿದೆ. ಇಳಿಯಿತು.
ಬಟರ್ ಪೇಪರಿನ ಗೆರೆ ಮಾತ್ರ ಹೋದ ವಾರದ್ದೇ.

ಎರಡು ಗಂಟೆಗೆ ಪೊಟ್ಟಣ ಬಿಚ್ಚಿದೆ: ಖಾರ ಮಂಡಕ್ಕಿ, ಎರಡು ಮಿರ್ಚಿ.
ಅಂಗೈಯಲ್ಲಿ ತೂಕವೇ ಇಲ್ಲ, ಒಳಗೆಲ್ಲ ಗಾಳಿ.
ಒಂದು ಕಾಳು ಜಾರಿ ಆರು, ಒಂಬತ್ತರ ಗುಂಡಿಗಳ ಸಂದಿಗೆ ಬಿತ್ತು.
ಬಗ್ಗಿ ಊದಿದೆ. ಬರಲಿಲ್ಲ.
ಇನ್ನೊಂದು ಸಲ ಊದಿದೆ.
ಮೂರನೇದಕ್ಕೆ ಉಸಿರು ತುಂಬಿಕೊಳ್ಳುವಾಗ
ಗುತ್ಯಮ್ಮನ ಪುಸ್ತಕದ ಕಡೆ ಕಣ್ಣು ಹೋಯಿತು.